ಬಾಗಿಲ ಹತ್ತಿರದ ರ‍್ಯಾಕು: ನಮ್ಮ ಲೈಬ್ರರಿಯಲ್ಲಿ ಯಾವ ಪುಸ್ತಕ ಓಡಿತು, ನಾನು ಯಾರಿಗೆ ಏನು ಕೊಡುತ್ತೇನೆ

ಹೊಳೆದಂಡೆ (ಗ್ರಂಥಾಲಯ ಮೇಲ್ವಿಚಾರಕಿ, ಹಾಸನ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಲೈಬ್ರರಿ. ಬೋರ್ಡಿನಲ್ಲಿ ಅರಿವು ಕೇಂದ್ರ ಅಂತ ಇದೆ, ಊರವರ ಬಾಯಲ್ಲಿ ಇನ್ನೂ ಲೈಬ್ರರಿಯೇ. ಈ ಮಳೆಗಾಲದಲ್ಲಿ ನಮ್ಮಲ್ಲಿ ಏನೇನು ನಡೆಯಿತು, ಯಾವ ಪುಸ್ತಕ ಕೈಯಿಂದ ಕೈಗೆ ಹೋಯಿತು ಅಂತ ಹೇಳುತ್ತೇನೆ. ನೀವೂ ನಿಮ್ಮ ಕಡೆಯದು ಹೇಳಿ.

ದೊಡ್ಡ ಸುದ್ದಿ ಬಾಗಿಲ ಹತ್ತಿರದ ರ‍್ಯಾಕು. ಅದರಲ್ಲಿ ಈಗ ನಮ್ಮ ಜಿಲ್ಲೆಯ ಪುಸ್ತಕ ಮಾತ್ರ ಇಟ್ಟಿದ್ದೇನೆ. ಮೊದಲು ಎಲ್ಲವೂ ನಂಬರಿನ ಪ್ರಕಾರ ನಿಂತಿದ್ದವು. ವಿಷಯದ ಪ್ರಕಾರ ಪುಸ್ತಕಕ್ಕೆ ನಂಬರು ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಕಾದಂಬರಿಯಾದರೆ ಕೊನೆಗೆ ಒಂದು 3. ಆ ನಂಬರು ನನಗೆ ಬೇಕೇ ಬೇಕು, ಇಲ್ಲದಿದ್ದರೆ ಕೇಳಿದ ಪುಸ್ತಕ ಹುಡುಕಿ ಕೊಡೋಕಾಗಲ್ಲ. ಆದರೆ ಪೇಪರ್ ಓದೋಕೆ ಬಂದವರು ಆ ಸಾಲನ್ನು ಒಮ್ಮೆ ನೋಡಿ ಹಾಗೇ ಎದ್ದು ಹೋಗುತ್ತಿದ್ದರು. ಬರೀ ಬೆನ್ನು ಕಾಣುವ ಅಷ್ಟು ಪುಸ್ತಕದಲ್ಲಿ ತನಗೆ ಬೇಕಾದದ್ದು ಯಾವುದು ಅಂತ ಯಾರಿಗೆ ತಾನೇ ಗೊತ್ತಾಗುತ್ತದೆ?

ಈಗ ಅಲ್ಲಿ ಮುಖಪುಟ ಎದುರಿಗೆ ಕಾಣುವ ಹಾಗೆ ಪುಸ್ತಕ ನಿಲ್ಲಿಸಿದ್ದೇನೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು' ಮೊದಲನೆಯದು. 1930ರ ಪುಸ್ತಕ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಂದರೆ ಆ ಬರಹಗಳಲ್ಲಿ ಇರುವುದು ಡ್ಯಾಂ ಇಲ್ಲದ ಕಾಲದ ಹೊಳೆಸೀಮೆ. ನಮ್ಮಲ್ಲಿಗೆ ದಿನಾ ಪೇಪರ್‌ಗೆ ಬರುವ ಅಜ್ಜಂದಿರು ಆ ಹೊಳೆಯನ್ನು ನೋಡಿದವರು. ಒಬ್ಬರು ತೆಗೆದುಕೊಂಡು ಹೋದರು, ಮರುದಿನ ಇನ್ನಿಬ್ಬರು ಬಂದು ಅದೇ ಬೇಕು ಅಂತ ಕೂತರು. ಒಂದೇ ಪ್ರತಿ ಇದ್ದದ್ದು. ಕೊನೆಗೆ ಜಗಲಿಯಲ್ಲಿ ಒಬ್ಬರು ಓದಿದರು, ಉಳಿದವರು ಕೇಳಿದರು. ಓದಿದ್ದಕ್ಕಿಂತ ಮಧ್ಯದಲ್ಲಿ ನಿಲ್ಲಿಸಿ "ಹೌದು ಕಣಯ್ಯ, ಹಿಂಗೇ ಇತ್ತು" ಅಂತ ಮಾತಾಡಿದ್ದೇ ಜಾಸ್ತಿ. ನನಗೆ ಬೇಕಾಗಿದ್ದೂ ಅದೇ.

ಎರಡನೆಯದು ಎಸ್.ಎಲ್. ಭೈರಪ್ಪನವರ 'ಗೃಹಭಂಗ'. ಅವರ ಹುಟ್ಟೂರು ಸಂತೇಶಿವರ, ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನದು. 2025ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡಾಗ ತುಂಬಾ ಜನ ಬಂದು ಅವರ ಪುಸ್ತಕ ಕೇಳಿದರು. ಹೆಚ್ಚಿನವರು ಕೇಳಿದ್ದು 'ಪರ್ವ'. ಮೊದಲ ಸಲ ಓದುವವರಿಗೆ ನಾನು 'ಗೃಹಭಂಗ'ವನ್ನೇ ಕೊಡುತ್ತೇನೆ. ಸ್ವಸಹಾಯ ಸಂಘದ ಲೆಕ್ಕ ಬರೆಯುವ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಹೋಗೋಕೆ ಬರುತ್ತಾರೆ, ಯಾವತ್ತೂ ಪುಸ್ತಕ ಮುಟ್ಟಿದವರಲ್ಲ. "ಇದರಲ್ಲಿ ನಂಜಮ್ಮ ಅಂತ ಒಬ್ಬಳಿದ್ದಾಳೆ. ಗಂಡ ಶಾನುಭೋಗ, ಅವನ ಕೈಲಾಗಲ್ಲ, ಊರಿನ ಲೆಕ್ಕವೆಲ್ಲ ಇವಳೇ ಬರೆಯುತ್ತಾಳೆ" ಅಂದೆ. ಅಷ್ಟೇ ಹೇಳಿದ್ದು. ಪುಸ್ತಕ ಚೀಲಕ್ಕೆ ಹೋಯಿತು. ವಾಪಸ್ ತಂದಾಗ ನನ್ನ ಟೇಬಲ್ ಮೇಲಿಟ್ಟು, "ಆ ಅತ್ತೆ ಇದಾಳಲ್ಲ ಮೇಡಂ..." ಅಂತ ಶುರು ಮಾಡಿದವರು ಅರ್ಧ ಗಂಟೆ ನಿಲ್ಲಿಸಲಿಲ್ಲ. ಪ್ಲೇಗಿನ ಪುಟಗಳನ್ನು ಓದುವಾಗ ಒಲೆ ಮೇಲಿನ ಸಾರು ಉಕ್ಕಿ ಹೋಯಿತಂತೆ.

ಮೂರನೆಯದು ಬಾನು ಮುಷ್ತಾಕ್ ಅವರ ಕಥೆಗಳು. 2025ರ ಮೇ 20ರಂದು ಅವರಿಗೂ ಅನುವಾದ ಮಾಡಿದ ದೀಪಾ ಭಾಸ್ತಿ ಅವರಿಗೂ ಇಂಟರ್‌ನ್ಯಾಷನಲ್ ಬೂಕರ್ ಬಂತು. ಕನ್ನಡಕ್ಕೆ ಬಂದದ್ದು ಅದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಬಾನು ಅವರು ಇರುವುದು ಹಾಸನದಲ್ಲೇ, ವಕೀಲರು. ಪ್ರಶಸ್ತಿ ಸುದ್ದಿ ಕೇಳಿ ಬರುವವರಿಗೆ ನಾನು ಮೊದಲು 'ಕರಿ ನಾಗರಗಳು' ಕಥೆ ಓದಿ ಅನ್ನುತ್ತೇನೆ. ಗಿರೀಶ್ ಕಾಸರವಳ್ಳಿ ಅವರ 'ಹಸೀನಾ' ಸಿನಿಮಾಕ್ಕೆ ಮೂಲ ಅದೇ. ಆಮೇಲೆ 'ಎದೆಯ ಹಣತೆ'. ಅದರಲ್ಲಿ ತಾಯಿಯನ್ನು ಉಳಿಸಿಕೊಳ್ಳುವವಳು ಮಗಳು. ಆ ಕಥೆ ಓದಿದವರು ಪುಸ್ತಕ ವಾಪಸ್ ಕೊಡುವಾಗ ಜಾಸ್ತಿ ಮಾತಾಡಲ್ಲ. ನಾನೂ ಕೇಳಲ್ಲ.

ನಾನು ಹೇಳೋದು ಇಷ್ಟೇ. ಓದುವ ಅಭ್ಯಾಸ ಇಲ್ಲದವರಿಗೆ ಹತ್ತಿರದ ಪುಸ್ತಕ ಮೊದಲು ಕೊಡಿ. ಊರು ಗೊತ್ತು, ಮಾತು ಗೊತ್ತು, ಅಲ್ಲಿ ಬರುವಂಥ ಮನುಷ್ಯರು ಗೊತ್ತು. ಬರೆದವರು ಸರಿಯಾಗಿ ಬರೆದಿದ್ದಾರಾ ಅಂತ ಪರೀಕ್ಷೆ ಮಾಡುತ್ತಲೇ ಅವರು ಪುಸ್ತಕ ಮುಗಿಸಿಬಿಡುತ್ತಾರೆ.

ನಿಮ್ಮ ಜಿಲ್ಲೆಯ ರ‍್ಯಾಕಿನಲ್ಲಿ ಯಾವ ಪುಸ್ತಕ ಇರಬೇಕು?


ಬಿಸಿಲ ಸೀಮೆ (ಶಾಲಾ ಶಿಕ್ಷಕಿ, ಕೊಪ್ಪಳ ಕಡೆ)

ಮೇಡಂ, ಓದಿ ಭಾಳ ಖುಷಿ ಆಯಿತು. ನಮ್ಮ ಕಡೆ ಪುಸ್ತಕ ಅಂದರೆ ಮೈಸೂರು ಕಡೆಯವರ ಮಾತು ಅಂತ ಹುಡುಗರ ತಲೆಯಲ್ಲಿ ಕೂತುಬಿಟ್ಟಿದೆ. ಪಠ್ಯದಲ್ಲಿ ಬರುವ ಕನ್ನಡಕ್ಕೂ ಮನೆಯ ಕನ್ನಡಕ್ಕೂ ಅಷ್ಟು ದೂರ. ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಯ ಎರಡು ಪುಟ ನಾನು ಹತ್ತನೇ ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಕಲಬುರಗಿ ಕಡೆಯ ಮಾತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಟೀಚರ್, ಹಿಂಗೂ ಬರೀಬಹುದೇನ್ರಿ?" ಅಂದಳು. ಬರೆಯಬಹುದು, ಬರೆದದ್ದಕ್ಕೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದಿದೆ, ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಹೆಣ್ಣುಮಗಳು ಇವರೇ ಅಂತ ಹೇಳಿದೆ. ಅವಳ ಮುಖ ನೋಡಬೇಕಿತ್ತು ನೀವು.

ನಮ್ಮ ರ‍್ಯಾಕಿಗೆ ಇನ್ನೊಂದು ಕುಂ. ವೀರಭದ್ರಪ್ಪನವರ 'ಅರಮನೆ'. ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಕಾಲದ ಬಳ್ಳಾರಿ ಸೀಮೆ. ದಪ್ಪ ಪುಸ್ತಕ, ಹೊಸಬರಿಗೆ ಕಷ್ಟ. ಅವರ ಸಣ್ಣಕಥೆಗಳಿಂದ ಶುರು ಮಾಡಿದರೆ ಒಳ್ಳೆಯದು.


ಕಬ್ಬನ್ ಪಾರ್ಕ್ ಓದುಗ (ಬೆಂಗಳೂರು)

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ಅಪ್ಪ ಒಂದು ಜಿಲ್ಲೆಯವರು, ಅಮ್ಮ ಇನ್ನೊಂದು ಜಿಲ್ಲೆಯವರು. ನನ್ನ ಜಿಲ್ಲೆಯ ರ‍್ಯಾಕು ಯಾವುದು? ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಲೈಬ್ರರಿಗೆ ನಾನು ಶಾಲೆಗೆ ಹೋಗುವ ಕಾಲದಿಂದ ಹೋಗುತ್ತಿದ್ದೇನೆ. 1915ರಲ್ಲಿ ಶುರುವಾದದ್ದು, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಅಲ್ಲಿ ನನಗೆ ಇಷ್ಟವಾದದ್ದೇ ನನಗೆ ಗೊತ್ತಿಲ್ಲದ ಊರುಗಳು. ಯಶವಂತ ಚಿತ್ತಾಲರ 'ಶಿಕಾರಿ' ಓದಿ ಮುಂಬಯಿ ನೋಡಿದೆ. ಆಮೇಲೆ ನಿಜವಾದ ಮುಂಬಯಿಗೆ ಹೋದಾಗ ಮೊದಲು ಬಂದವನ ಹಾಗೆ ಅನ್ನಿಸಲೇ ಇಲ್ಲ.

ನಿಮ್ಮೂರಿನ ಮಗು ನಿಮ್ಮೂರಿನ ಪುಸ್ತಕವನ್ನೇ ಓದುತ್ತಾ ಇದ್ದರೆ ಹೊರಗಿನ ಪ್ರಪಂಚ ಯಾವಾಗ ನೋಡುತ್ತದೆ? ಲೈಬ್ರರಿ ಇರುವುದು ದೂರ ಕರೆದುಕೊಂಡು ಹೋಗೋದಕ್ಕೆ ಅಲ್ವಾ?


ಹೊಳೆದಂಡೆ

ಬೇಜಾರು ಏನೂ ಇಲ್ಲ ಸರ್. ದೂರ ಹೋಗಲೇಬೇಕು. ನಾನು ಹೇಳುತ್ತಿರುವುದು ಬಾಗಿಲ ಹತ್ತಿರದ ಒಂದು ರ‍್ಯಾಕಿನ ಮಾತು. ಒಳಗಿನ ರ‍್ಯಾಕುಗಳಲ್ಲಿ ಪ್ರಪಂಚವೆಲ್ಲ ಇದೆ. ಅಲ್ಲಿಯವರೆಗೆ ಕಾಲು ಹೋಗಬೇಕಲ್ಲ, ಅದು ನನ್ನ ಯೋಚನೆ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಎಂಟನೇ ಕ್ಲಾಸು. ಕಾಡು, ಚಿರತೆ, ಆನೆ ಅಂದರೆ ಪ್ರಾಣ. ಸಕಲೇಶಪುರದ ಕಡೆ ಅವನ ಮಾವನ ಮನೆ, ಆನೆ ಕಾಟ ಕಣ್ಣಾರೆ ಕಂಡವನು. ಅವನಿಗೆ ತೇಜಸ್ವಿಯವರ 'ಕಾಡಿನ ಕತೆಗಳು' ಕೊಟ್ಟೆ. ಕೆನೆತ್ ಆಂಡರ್ಸನ್ ಬರೆದ ಶಿಕಾರಿ ಅನುಭವಗಳು ಅವು. ಮೂಲ ಬರೆದದ್ದು ಇಂಗ್ಲಿಷಿನಲ್ಲಿ, ಕಾಡು ನಮ್ಮ ದಕ್ಷಿಣದ್ದು. ಒಂದು ಭಾಗ ಮುಗಿಸಿ ಇನ್ನೊಂದು ಕೇಳಿದ. ಎಲ್ಲ ಮುಗಿದ ಮೇಲೆ ತೇಜಸ್ವಿಯವರೇ ಕನ್ನಡಕ್ಕೆ ತಂದ 'ಮಹಾಪಲಾಯನ' ಕೈಗಿಟ್ಟೆ. ಅದು ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು ನಡೆದು ಬರುವವರ ಕಥೆ. ಆ ಹುಡುಗ ಈಗ ಗೋಡೆಯ ಮೇಲಿನ ಭೂಪಟದ ಎದುರು ನಿಂತು ಬೆರಳಿನಲ್ಲಿ ದಾರಿ ಹುಡುಕುತ್ತಾನೆ. ಬೈಕಲ್ ಸರೋವರ ಎಲ್ಲಿ, ಗೋಬಿ ಮರುಭೂಮಿ ಎಲ್ಲಿ, ಹಿಮಾಲಯ ಎಲ್ಲಿ ದಾಟಿದರು ಅಂತ. ಮೊದಲ ದಿನವೇ ಅವನಿಗೆ ಸೈಬೀರಿಯಾ ಕೊಟ್ಟಿದ್ದರೆ ಮುಟ್ಟುತ್ತಿರಲಿಲ್ಲ. ಇದು ನನಗೆ ಖಂಡಿತ ಗೊತ್ತು.

ನಿಮ್ಮ ಹಾಗೆ ಚಿಕ್ಕಂದಿನಿಂದ ಓದಿದವರಿಗೆ ಯಾವ ರ‍್ಯಾಕೂ ಬೇಕಿಲ್ಲ. ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕವೇ ಇಲ್ಲದವರು ನಮ್ಮಲ್ಲಿಗೆ ಬರುವವರಲ್ಲಿ ಜಾಸ್ತಿ. ನಾನು ರ‍್ಯಾಕು ಜೋಡಿಸುವುದು ಅವರನ್ನು ನೋಡಿ.


ನಿವೃತ್ತ ಮೇಷ್ಟ್ರು (ತುಮಕೂರು ಜಿಲ್ಲೆ)

ಅಮ್ಮಾ, ನೀನು ಮಾಡುತ್ತಿರುವ ಕೆಲಸಕ್ಕೆ ಗ್ರಂಥಾಲಯ ವಿಜ್ಞಾನದ ದೊಡ್ಡ ವಿದ್ವಾಂಸರಾದ ರಂಗನಾಥನ್ ಅವರು ಎಂದೋ ಸೂತ್ರ ಹಾಕಿಕೊಟ್ಟಿದ್ದಾರೆ. 1931ರಲ್ಲಿ ಬಂದ ಅವರ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅಂತ. ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅಂತ. ಎಲ್ಲರೂ ಎರಡನೆಯದನ್ನು ಹೇಳುತ್ತಾರೆ, ಮೂರನೆಯದನ್ನು ಮರೆಯುತ್ತಾರೆ. ಪುಸ್ತಕ ತಾನಾಗಿ ಎದ್ದು ಓದುಗನ ಹತ್ತಿರ ಹೋಗೋದಿಲ್ಲ, ಯಾರಾದರೂ ಕೊಂಡೊಯ್ಯಬೇಕು. ಅದೇ 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿ ಕಡೆ ಎತ್ತಿನ ಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಹಳ್ಳಿ ಹಳ್ಳಿಗೆ ಹೋಗುವ ಲೈಬ್ರರಿ ಶುರುವಾಯಿತು. ನಮ್ಮ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ರಂಗನಾಥನ್ ಅವರು ಕೊನೆಯ ಕಾಲ ಕಳೆದದ್ದು ಬೆಂಗಳೂರಿನಲ್ಲೇ. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ, ಸಂಶೋಧನೆಯ ಕೇಂದ್ರವಾದ ಡಿಆರ್‌ಟಿಸಿ ಶುರು ಮಾಡಿದರು, 1972ರಲ್ಲಿ ಅಲ್ಲೇ ತೀರಿಕೊಂಡರು.

ಇನ್ನೊಂದು ಮಾತು, ಇದು ಎಲ್ಲರಿಗೂ ತಿಳಿದಿರಬೇಕು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಇದೆ. ರಸೀದಿ ತೆಗೆದು ನೋಡಿ, ಅದರಲ್ಲೇ ಇರುತ್ತದೆ. ಲೈಬ್ರರಿ ಯಾರೋ ಕೊಟ್ಟ ದಾನ ಅಲ್ಲ, ನಾವು ದುಡ್ಡು ಕೊಟ್ಟು ನಡೆಸುವ ಸಂಸ್ಥೆ. ನಮ್ಮ ಊರಿನ ಸಂಸ್ಥೆಯೊಂದು ಆ ದುಡ್ಡನ್ನು ವರ್ಷಗಟ್ಟಲೆ ಲೈಬ್ರರಿಗೆ ದಾಟಿಸಲೇ ಇಲ್ಲ. ನಾನು ಅರ್ಜಿ ಹಾಕಿ ಕೇಳಿದೆ. ಎಲ್ಲರೂ ಕೇಳಬೇಕು. ಪುಸ್ತಕ ಇಲ್ಲ ಅಂತ ಪಾಪ ಮೇಲ್ವಿಚಾರಕರನ್ನು ಬೈದು ಏನು ಪ್ರಯೋಜನ?


ಎಫ್‌ಡಿಎ ತಯಾರಿ (ಹಾವೇರಿ)

ನಾನು ದಿನಾ ಲೈಬ್ರರಿಯಲ್ಲೇ ಕೂತು ಓದುವವನು. ಪಿಡಿಒ, ಎಫ್‌ಡಿಎ, ಪಿಎಸ್‌ಐ ಎಲ್ಲದಕ್ಕೂ ತಯಾರಿ. ಮನೆಯಲ್ಲಿ ಒಂದೇ ಕೋಣೆ, ಓದೋಕಾಗಲ್ಲ. ನಿಮ್ಮ ಮಾತು ಕೇಳಿದರೆ ಚೆನ್ನಾಗಿದೆ, ಆದರೆ ಜಗಲಿಯಲ್ಲಿ ಅಜ್ಜಂದಿರು ಗಟ್ಟಿಯಾಗಿ ಓದಿದರೆ, ಮಕ್ಕಳು ಭೂಪಟದ ಎದುರು ಮಾತಾಡಿದರೆ ನಮ್ಮಂಥವರ ಗತಿ ಏನು? ನಮಗೆ ಲೈಬ್ರರಿ ಅಂದರೆ ಮೊದಲು ನಿಶ್ಶಬ್ದ, ಒಂದು ಕುರ್ಚಿ, ಕರೆಂಟು. ಕಥೆ ಪುಸ್ತಕ ಆಮೇಲೆ.


ಹೊಳೆದಂಡೆ

ತಮ್ಮಾ, ನಿನ್ನ ಮಾತು ನೂರಕ್ಕೆ ನೂರು ನ್ಯಾಯ. ನಮ್ಮಲ್ಲೂ ಇದೇ ಜಗಳ ಆಯಿತು. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಬಂದ ಮೇಲೆ ಮಕ್ಕಳು ಗುಂಪು ಗುಂಪಾಗಿ ಬಂದರು. ಕೊರೊನಾ ಕಾಲ, ಸ್ಕೂಲು ಮುಚ್ಚಿತ್ತು. ಪರೀಕ್ಷೆಗೆ ಓದುವ ಹುಡುಗರು ಬಂದು, ಮೇಡಂ ಇದೇನು ಅಂಗನವಾಡಿಯಾ ಅಂತ ಕೇಳಿದರು.

ಇರುವುದು ಒಂದು ದೊಡ್ಡ ಕೋಣೆ, ಒಂದು ಜಗಲಿ. ಬೆಳಗಿನ ಹೊತ್ತು ಪೂರ್ತಿ ನಿಶ್ಶಬ್ದ, ಅದು ಪರೀಕ್ಷೆಯವರ ಸಮಯ. ಸ್ಕೂಲು ಬಿಟ್ಟ ಮೇಲೆ ಮಕ್ಕಳ ಸಮಯ. ಗಟ್ಟಿ ಓದು ಏನಿದ್ದರೂ ಜಗಲಿಯಲ್ಲಿ, ಬಾಗಿಲು ಮುಂದಕ್ಕೆ ಹಾಕಿ. ಗೋಡೆಯ ಪಕ್ಕದ ನಾಲ್ಕು ಕುರ್ಚಿ ಮಾತ್ರ ದಿನವಿಡೀ ಪರೀಕ್ಷೆಯವರಿಗೇ. ನಿಮ್ಮಲ್ಲೂ ಮೇಲ್ವಿಚಾರಕರ ಹತ್ತಿರ ಕೂತು ಮಾತಾಡಿ ಹೀಗೆ ಹೊತ್ತು ಹಂಚಿಕೊಳ್ಳಿ, ಆಗುತ್ತದೆ. ನಮ್ಮಲ್ಲಿ ಓದಿ ಕೆಲಸ ಸಿಕ್ಕ ಹುಡುಗಿಯೊಬ್ಬಳು ತನ್ನ ನೋಟ್ಸ್ ಎಲ್ಲ ತಂದುಕೊಟ್ಟಿದ್ದಾಳೆ. ಅವು ಅಂಗಡಿಯ ಗೈಡಿಗಿಂತ ಚೆನ್ನಾಗಿವೆ. ಅವನ್ನೂ ದಾಖಲೆ ಪುಸ್ತಕದಲ್ಲಿ ಬರೆದು ಇಟ್ಟಿದ್ದೇನೆ.

ಒಂದು ಶಿಫಾರಸು ನಿನಗೆ. ಪ್ರಬಂಧ ಬರೆಯಬೇಕಲ್ಲ, ಅದಕ್ಕೆ ನಾಗೇಶ ಹೆಗಡೆಯವರ ವಿಜ್ಞಾನ, ಪರಿಸರ ಬರಹ ಓದು. ಕಷ್ಟದ ವಿಷಯವನ್ನು ಸುಲಭದ ಕನ್ನಡದಲ್ಲಿ ಹೇಗೆ ಕಟ್ಟುತ್ತಾರೆ ಅಂತ ನೋಡು. ವಾರಕ್ಕೆ ಒಂದು ಲೇಖನ ಓದಿ, ಪುಸ್ತಕ ಮುಚ್ಚಿ, ನಿನ್ನ ಮಾತಿನಲ್ಲಿ ಒಂದು ಪುಟ ಬರಿ.


ಎರಡು ಮಕ್ಕಳ ಅಮ್ಮ (ಮೈಸೂರು)

ಅಕ್ಕಾ, ನನ್ನ ಮಗನಿಗೆ ಹತ್ತು ವರ್ಷ. ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡುತ್ತಾನೆ, ಅಕ್ಷರ ಕೂಡಿಸಿ ಓದುತ್ತಾನೆ, ಆದರೆ ಪುಸ್ತಕ ಕೊಟ್ಟರೆ ಎರಡು ಸಾಲಿಗೆ ಇಟ್ಟುಬಿಡುತ್ತಾನೆ. ಮೊಬೈಲು ಮಾತ್ರ ಬೇಕು. ಏನು ಕೊಡಲಿ?


ಹೊಳೆದಂಡೆ

ಸದ್ಯಕ್ಕೆ ಏನೂ ಕೊಡಬೇಡಮ್ಮ, ನೀನು ಓದಿ ಹೇಳು. ಕೂಡಿಸಿ ಓದುವ ಮಗುವಿಗೆ ಒಂದು ಸಾಲು ಮುಗಿಯುವ ಹೊತ್ತಿಗೆ ಕಥೆ ಮರೆತೇ ಹೋಗಿರುತ್ತದೆ, ಅದಕ್ಕೇ ಬೇಜಾರಾಗುವುದು. ಮೊದಲು ಕಿವಿಗೆ ಕನ್ನಡ ಹೋಗಲಿ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಗಟ್ಟಿಯಾಗಿ, ಸ್ವಲ್ಪ ನಾಟಕ ಮಾಡಿ ಓದು. ಇಂಗ್ಲಿಷಿನಲ್ಲಿ ಬ್ರೌನಿಂಗ್ ಬರೆದ ಪೈಡ್ ಪೈಪರ್ ಕಥೆಯೇ ಅದು, ಅವನಿಗೆ ಸ್ಕೂಲಿನಲ್ಲಿ ಗೊತ್ತಿದ್ದರೂ ಇರಬಹುದು. ಇಲಿಗಳು ಬರುವ ಕಡೆ ನಮ್ಮ ಮಕ್ಕಳು ಎದ್ದು ಕುಣಿಯುತ್ತಾರೆ. ನಾನು ಓದುವಾಗ ಸಾಲಿನ ಕೊನೆಯ ಪದ ಬಿಟ್ಟು ನಿಲ್ಲುತ್ತೇನೆ, ಪ್ರಾಸ ಹಿಡಿದು ಅವರೇ ತುಂಬುತ್ತಾರೆ. ನಾಲ್ಕು ಸಲ ಕೇಳಿದ ಮೇಲೆ ಪುಸ್ತಕ ಕಿತ್ತುಕೊಂಡು ತಾವೇ ಓದುತ್ತಾರೆ. ಬಾಯಿಪಾಠ ಆಗಿರುವುದರಿಂದ ಅಕ್ಷರ ಹಿಡಿಯುವುದು ಸುಲಭ.

ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ಮಲಗುವ ಹೊತ್ತಿಗೆ ಒಳ್ಳೆಯದು. ಒಂದೊಂದೂ ಚಿಕ್ಕದು, ಅವತ್ತಿನದು ಅವತ್ತಿಗೇ ಮುಗಿಯುತ್ತದೆ. ಚಿತ್ರ ಜಾಸ್ತಿ, ಅಕ್ಷರ ಕಮ್ಮಿ ಇರುವ ಪುಸ್ತಕ ಬೇಕಾದರೆ ಪ್ರಥಮ್ ಬುಕ್ಸ್ ಮತ್ತು ನ್ಯಾಷನಲ್ ಬುಕ್ ಟ್ರಸ್ಟ್‌ನವರದ್ದು ನೋಡು, ಬೆಲೆಯೂ ಕಮ್ಮಿ. ಹತ್ತು ವರ್ಷಕ್ಕೆ ಇದು ಚಿಕ್ಕ ಮಕ್ಕಳ ಪುಸ್ತಕ ಅಂತ ಯಾರಾದರೂ ಅಂದರೆ ತಲೆಗೆ ಹಾಕಿಕೊಳ್ಳಬೇಡ. ಅವನ ಮುಂದೆಯಂತೂ ಆ ಮಾತು ಬೇಡವೇ ಬೇಡ.

ತೇಜಸ್ವಿಯವರ 'ಪರಿಸರದ ಕತೆ' ಆಮೇಲೆ. ಅದರಲ್ಲಿ ಬರುವ 'ಕಿವಿ' ಅನ್ನುವ ನಾಯಿ ಸಾಕು, ಯಾವ ಹುಡುಗನನ್ನಾದರೂ ಹಿಡಿದು ಕೂರಿಸುತ್ತದೆ. ನಮ್ಮಲ್ಲಿ ಸೆಪ್ಟೆಂಬರ್ 8ಕ್ಕೆ, ತೇಜಸ್ವಿ ಹುಟ್ಟಿದ ದಿನ, ಮಕ್ಕಳನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿದ್ದೆ. ನೋಡಿದ ಹಕ್ಕಿ, ಹುಳು, ಗಿಡ ಎಲ್ಲವನ್ನೂ ಊರಿನಲ್ಲಿ ಏನಂತಾರೋ ಅದೇ ಹೆಸರಿನಲ್ಲಿ ಬರೆದುಕೊಳ್ಳಬೇಕು ಅಂತ ಹೇಳಿದೆ. ಒಂದು ಓತಿಕ್ಯಾತ ಕಂಡಿತು. ಹಾರುವ ಓತಿಯೂ ಇದೆ ಕಣ್ರೋ, ಅದನ್ನು ಹುಡುಕಿಕೊಂಡು ಹೋದವರ ಕಥೆ 'ಕರ್ವಾಲೊ' ಅಂದೆ. ವಾಪಸ್ ಬಂದ ತಕ್ಷಣ ಒಬ್ಬಳು ಕೇಳಿದ್ದು ಅದನ್ನೇ. ಅವಳ ವಯಸ್ಸಿಗೆ ದೊಡ್ಡದಾಯಿತೇನೋ, ಆದರೂ ಕೊಟ್ಟೆ. ಮಂದಣ್ಣ ಬರುವ ಕಡೆಯೆಲ್ಲ ಓದಿ, ಉಳಿದದ್ದು ಹಾರಿಸಿದೆ ಅಂದಳು. ಹಾಗೆ ಓದಿದರೂ ಓದೇ.


ಮಲೆಯ ಮಳೆ (ಗ್ರಂಥಾಲಯ ಮೇಲ್ವಿಚಾರಕ, ಶಿವಮೊಗ್ಗ ಜಿಲ್ಲೆ)

ಮೇಡಂ, ನಮ್ಮ ಕಡೆಯ ಕಷ್ಟವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕ ಉಳಿಸಿಕೊಳ್ಳುವುದೇ ಕೆಲಸ. ಗೋಡೆ ಬೆವರುತ್ತದೆ. ಪುಟಗಳು ಮೆತ್ತಗಾಗಿ ಬೂಸ್ಟು ಹಿಡಿಯುತ್ತವೆ. ಹೋದ ಸಲ ಹೆಂಚು ಸರಿದು ಒಂದು ಸಾಲು ಪುಸ್ತಕ ನೆನೆದವು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನಮ್ಮ ರ‍್ಯಾಕಿನ ಮೊದಲ ಪುಸ್ತಕ, ಅದೂ ನೆನೆಯಿತು. ತೀರ್ಥಹಳ್ಳಿ ಸೀಮೆಯ ಮಳೆಯನ್ನು ಅಷ್ಟು ಚೆನ್ನಾಗಿ ಬರೆದ ಪುಸ್ತಕ, ಅದನ್ನು ಒರೆಸುವಾಗ ನಿಜವಾಗಿಯೂ ಹೊಟ್ಟೆ ಉರಿಯಿತು. ನೀವು ಏನು ಮಾಡುತ್ತೀರಿ?


ಹೊಳೆದಂಡೆ

ನೆನೆದ ಪುಸ್ತಕ ಬಿಸಿಲಿಗೆ ಇಡಬೇಡಿ ಸರ್. ಹಾಳೆ ಸುರುಟಿಕೊಳ್ಳುತ್ತದೆ, ಬೈಂಡು ಬಿಟ್ಟುಕೊಳ್ಳುತ್ತದೆ. ಪುಸ್ತಕವನ್ನು ಸ್ವಲ್ಪ ಬಿಡಿಸಿ ನಿಲ್ಲಿಸಿ, ಕೆಲವು ಪುಟಕ್ಕೊಂದರಂತೆ ಬಿಳಿ ಹಾಳೆ ಸಿಕ್ಕಿಸಿ ಫ್ಯಾನಿನ ಗಾಳಿಗೆ ಇಡಿ. ಆ ಹಾಳೆ ಒದ್ದೆಯಾದ ಹಾಗೆ ಬದಲಾಯಿಸುತ್ತಾ ಇರಬೇಕು. ಪೂರ್ತಿ ಒಣಗುವುದಕ್ಕೆ ಸ್ವಲ್ಪ ಮುಂಚೆ ಮುಚ್ಚಿ, ಮೇಲೆ ಭಾರ ಇಟ್ಟರೆ ಆಕಾರ ಉಳಿಯುತ್ತದೆ. ಮಿಂಚು ಕಾಗದದ ಪುಸ್ತಕ ನೆಂದರೆ ಮಾತ್ರ ತಡ ಮಾಡಬಾರದು, ಪುಟಕ್ಕೆ ಪುಟ ಅಂಟಿಕೊಂಡರೆ ಮತ್ತೆ ಬಿಡಿಸೋಕಾಗಲ್ಲ.

ರ‍್ಯಾಕು ಗೋಡೆಗೆ ತಾಗದ ಹಾಗೆ ಒಂದು ಗೇಣು ಈಚೆಗೆ ಎಳೆಯಿರಿ. ತಳದ ಸಾಲು ಖಾಲಿ ಬಿಡಿ. ಪುಸ್ತಕ ಒತ್ತಿ ಒತ್ತಿ ತುಂಬಬೇಡಿ, ನಡುವೆ ಗಾಳಿ ಆಡಬೇಕು. ಬೂಸ್ಟು ಬಂದದ್ದನ್ನು ಬೇರೆ ಇಟ್ಟು, ಪೂರ್ತಿ ಒಣಗಿದ ಮೇಲೆ ಹೊರಗೆ ಹೋಗಿ ಮೆತ್ತನೆ ಬ್ರಷ್‌ನಲ್ಲಿ ಒರೆಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಎಲ್ಲಕ್ಕಿಂತ ದೊಡ್ಡ ಔಷಧಿ ಪುಸ್ತಕ ಇಶ್ಯೂ ಆಗುವುದು. ಮಳೆಗಾಲ ಶುರುವಾಗುವಾಗ ಆದಷ್ಟು ಪುಸ್ತಕ ಓದುಗರ ಮನೆಗೆ ಕಳಿಸಿಬಿಡುತ್ತೇನೆ. ಒಲೆಯಿರುವ ಮನೆ ನಮ್ಮ ಕಟ್ಟಡಕ್ಕಿಂತ ಬೆಚ್ಚಗಿರುತ್ತದೆ.


ಕಡಲ ತಡಿ (ಉಡುಪಿ ಜಿಲ್ಲೆ)

ನಮ್ಮ ಜಿಲ್ಲೆಯ ರ‍್ಯಾಕಿಗೆ ಪುಸ್ತಕ ಆರಿಸುವುದೇ ಕಷ್ಟ, ಅಷ್ಟು ಇವೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಇರಲೇಬೇಕು. 1941ರದ್ದು, ಕಡಲ ಪಕ್ಕದ ಒಂದು ಮನೆಯ ಮೂರು ತಲೆಮಾರು. ವೈದೇಹಿಯವರ ಕಥೆಗಳು ಇರಲೇಬೇಕು, ಕುಂದಾಪುರದ ಅಡುಗೆಮನೆ, ಹಿತ್ತಿಲು, ಅಲ್ಲಿ ಹೆಂಗಸರು ಆಡುವ ಮಾತು. ಮಕ್ಕಳಿಗೆ ಕಾರಂತರ 'ಬಾಲಪ್ರಪಂಚ' ಹಳೇ ಪ್ರತಿ ಎಲ್ಲಾದರೂ ಸಿಕ್ಕರೆ ಒಂದು ಕಡೆ ಇಡಿ. ಒಬ್ಬನೇ ಮನುಷ್ಯ ಕೂತು ಮಕ್ಕಳ ವಿಶ್ವಕೋಶ ಬರೆದದ್ದು ಹೇಗೆ ಅಂತ ನೋಡುವುದಕ್ಕಾದರೂ.

ಅಂಗಡಿಯಲ್ಲಿ ಸಿಗದ ಹಳೇ ಪುಸ್ತಕ ಹುಡುಕುವವರಿಗೆ ಒಂದು ಮಾತು. ಸಂಚಿ ಫೌಂಡೇಷನ್‌ನವರು ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಹಾಕುತ್ತಿದ್ದಾರೆ. ಲೈಬ್ರರಿಯ ಕಂಪ್ಯೂಟರಿನಲ್ಲೇ ಓದಬಹುದು.


ಡಾಲಸ್ ಕನ್ನಡಿಗ

ನಮ್ಮೂರು ಅರಸೀಕೆರೆ ಹತ್ತಿರ, ಹಾಗಾಗಿ ಓದುತ್ತಾ ಊರಿಗೇ ಹೋಗಿ ಬಂದ ಹಾಗಾಯಿತು. ಇಲ್ಲಿ ನಾವು ಹೋಗುವ ಲೈಬ್ರರಿಯಲ್ಲಿ ಒಂದು ಪದ್ಧತಿ ಇದೆ. ಅಲ್ಲಿನ ಸಿಬ್ಬಂದಿ ತಾವು ಓದಿ ಮೆಚ್ಚಿದ ಪುಸ್ತಕದ ಕೆಳಗೆ ಕೈಬರಹದ ಚೀಟಿ ಅಂಟಿಸುತ್ತಾರೆ, ಯಾಕೆ ಇಷ್ಟವಾಯಿತು ಅಂತ ಎರಡು ಸಾಲು. ನನ್ನ ಮಗಳು ಆ ಚೀಟಿ ನೋಡಿಯೇ ಪುಸ್ತಕ ಆರಿಸುತ್ತಾಳೆ. ನಿಮ್ಮಲ್ಲೂ ಮಾಡಬಹುದಲ್ವಾ? ಮತ್ತೆ, ಇಲ್ಲಿನ ಕೆಲವು ಗೆಳೆಯರು ಸೇರಿ ಪುಸ್ತಕ ಕಳಿಸಬೇಕು ಅಂತಿದ್ದೇವೆ. ಹಳೇ ಇಂಗ್ಲಿಷ್ ಪುಸ್ತಕ, ಎನ್‌ಸೈಕ್ಲೋಪೀಡಿಯಾ ಎಲ್ಲ ಇವೆ.


ಹೊಳೆದಂಡೆ

ಸರ್, ಚೀಟಿ ಕೆಲಸ ನಾಳೆಯೇ ಶುರು ಮಾಡುತ್ತೇನೆ. ಬರೆಯುವವಳು ನಾನೊಬ್ಬಳೇ ಆಗಬಾರದು. ಆ ಸಂಘದ ಹೆಂಗಸು 'ಗೃಹಭಂಗ'ಕ್ಕೆ ಬರೆಯಲಿ, ಭೂಪಟದ ಹುಡುಗ 'ಮಹಾಪಲಾಯನ'ಕ್ಕೆ ಬರೆಯಲಿ.

ಪುಸ್ತಕದ ಬಗ್ಗೆ ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ದಾನವಾಗಿ ಬರುವ ಪೆಟ್ಟಿಗೆಯಲ್ಲಿ ಹಳೇ ಎನ್‌ಸೈಕ್ಲೋಪೀಡಿಯಾ, ಹಳೇ ಎಂಜಿನಿಯರಿಂಗ್ ಪುಸ್ತಕವೇ ಜಾಸ್ತಿ ಇರುತ್ತವೆ. ಅವು ಜಾಗ ತಿನ್ನುತ್ತವೆ, ಒಬ್ಬರೂ ಮುಟ್ಟಲ್ಲ. ಹಡಗಿನ ಬಾಡಿಗೆ ದುಡ್ಡಿನಲ್ಲಿ ಇಲ್ಲೇ ಎಷ್ಟೋ ಹೊಸ ಕನ್ನಡ ಪುಸ್ತಕ ಕೊಳ್ಳಬಹುದು. ಮೊದಲು ಲೈಬ್ರರಿಯವರನ್ನು ಪಟ್ಟಿ ಕೇಳಿ. ನಮ್ಮ ಪಟ್ಟಿಯಲ್ಲಿ ಸದ್ಯ ಇರುವುದು 'ಹಳ್ಳಿಯ ಚಿತ್ರಗಳು' ಇನ್ನೂ ಎರಡು ಪ್ರತಿ, ಮಕ್ಕಳ ಚಿತ್ರಪುಸ್ತಕ, ಮತ್ತೆ ಶುಂಠಿ ಬೆಳೆಯ ಬಗ್ಗೆ ಒಂದು ಒಳ್ಳೆಯ ಪುಸ್ತಕ. ಕೊಳೆ ರೋಗ ಬಂದು ಬೇಸತ್ತ ರೈತರು ಬಂದು ಕೇಳುತ್ತಾರೆ, ನನ್ನ ಹತ್ತಿರ ಸರಿಯಾದದ್ದು ಒಂದೂ ಇಲ್ಲ. ಅವರಿಗೆ ಸದ್ಯಕ್ಕೆ ಪುತ್ತೂರಿನಿಂದ ಬರುವ 'ಅಡಿಕೆ ಪತ್ರಿಕೆ'ಯ ಹಳೇ ಸಂಚಿಕೆ ಕೊಡುತ್ತಿದ್ದೇನೆ. ರೈತರೇ ಬರೆಯುವ ಪತ್ರಿಕೆ, ಅದನ್ನು ಗಮನ ಕೊಟ್ಟು ಓದುತ್ತಾರೆ. ಶುಂಠಿ ಬಗ್ಗೆ ಗೊತ್ತಿರುವವರು ಯಾರಾದರೂ ಇದ್ದರೆ ಪುಸ್ತಕದ ಹೆಸರು ತಿಳಿಸಿ.


ಬಿಸಿಲ ಸೀಮೆ

ಮೇಡಂ, ನಮ್ಮ ಪಂಚಾಯಿತಿ ಲೈಬ್ರರಿಯ ಅಣ್ಣನಿಗೆ ಇದೆಲ್ಲ ಓದಿ ಹೇಳಿದೆ. ಒಂದು ರ‍್ಯಾಕು ಖಾಲಿ ಮಾಡಿಕೊಟ್ಟಿದ್ದಾರೆ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಬರುತ್ತದಲ್ಲ, ಅಷ್ಟರೊಳಗೆ ತುಂಬಬೇಕು. ಒಂದು ಅನುಮಾನ. ಜಿಲ್ಲೆಯ ಪುಸ್ತಕ ಅಂದರೆ ಬರೆದವರು ಅಲ್ಲೇ ಹುಟ್ಟಿರಬೇಕಾ? ನಮ್ಮ ಕಡೆ ಹುಟ್ಟಿ ಬೇರೆ ಊರಿನ ಬಗ್ಗೆ ಬರೆದವರಿದ್ದಾರೆ, ಎಲ್ಲೋ ಹುಟ್ಟಿ ನಮ್ಮ ಊರಿನ ಬಗ್ಗೆ ಬರೆದವರೂ ಇದ್ದಾರೆ.


ಹೊಳೆದಂಡೆ

ಹುಟ್ಟಿದ ಊರು ಬೇಕಿಲ್ಲ ಟೀಚರ್, ಪುಸ್ತಕ ನಡೆಯುವ ಊರು ನೋಡಿ. ನಮ್ಮ ರ‍್ಯಾಕಿನಲ್ಲಿ ಕೆ.ವಿ. ಅಯ್ಯರ್ ಅವರ 'ಶಾಂತಲಾ' ಇದೆ. ಅವರು ಬೆಂಗಳೂರಿನಲ್ಲಿ ವ್ಯಾಯಾಮ ಶಾಲೆ ನಡೆಸುತ್ತಿದ್ದವರು. ಆದರೆ ಬೇಲೂರಿಗೆ ಹೋಗಿ ಬಂದ ಮಕ್ಕಳು ಮೊದಲು ಕೇಳುವುದು ಆ ಪುಸ್ತಕವನ್ನೇ. ಅದರ ಪಕ್ಕದಲ್ಲಿ ಹಲ್ಮಿಡಿ ಶಾಸನದ ಚಿತ್ರ ಅಂಟಿಸಿದ್ದೇನೆ. ಸುಮಾರು ಕ್ರಿ.ಶ. 450ರದ್ದು, ಹದಿನಾರು ಸಾಲು. ಊರು ನಮ್ಮ ಬೇಲೂರು ತಾಲ್ಲೂಕಿನದೇ. ಬರೆಸಿದವರು ಯಾರು, ಎಲ್ಲಿಯವರು ಅಂತ ಯಾವ ಮಗುವೂ ಜಗಳ ಆಡಲ್ಲ. ಇದು ನಮ್ಮೂರಿನ ಕಲ್ಲು ಅನ್ನುತ್ತಾರೆ, ಒಂದೊಂದೇ ಅಕ್ಷರ ಗುರುತು ಹಿಡಿಯೋಕೆ ನೋಡುತ್ತಾರೆ.

ನಿಮ್ಮ ಜಿಲ್ಲೆಯಲ್ಲಂತೂ ಅಶೋಕನ ಶಾಸನವೇ ಇದೆ, ಗವಿಮಠದ ಬೆಟ್ಟದ್ದು. ಅದರ ಒಂದು ಚಿತ್ರ ರ‍್ಯಾಕಿನ ಮೇಲೆ ಅಂಟಿಸಿ. ಪುಸ್ತಕಗಳ ಪಟ್ಟಿ ಆದ ಮೇಲೆ ಇಲ್ಲಿ ಹಾಕಿ, ನಮ್ಮಲ್ಲಿ ಇಲ್ಲದ್ದನ್ನು ನಾನೂ ತರಿಸುತ್ತೇನೆ.